ಬದನೆಗಿಡಕ್ಕೆ ಉದುರಿಸಿದ ಪುಡಿ

ಮೊನ್ನೆ ಪಕ್ಕದ ಮನೆಯವರು ಕೈತೋಟಕ್ಕೆ ಹುಳದ ಔಷಧಿ ಹೊಡೆಸಿದರು. ಆ ಘಾಟು ಕಿಟಕಿಯಿಂದ ಒಳಗೆ ಬಂದದ್ದೇ ತಡ, ಅರವತ್ತರ ದಶಕದ ರಿಪ್ಪನ್‌ಪೇಟೆಯ ನಮ್ಮ ಬೇಲಿಯಾಚೆಯ ಅತ್ತೆ ನೆನಪಾದಳು... ಜೊತೆಗೇ ಮೈಯೆಲ್ಲ ಉರಿಯಿತು.

ಅತ್ತೆ ಎಂದರೆ ಸಂಬಂಧವೇನಲ್ಲ, ನೆರೆಮನೆಯವಳು. ಗಂಡ ತೀರಿಹೋಗಿದ್ದ, ಮಕ್ಕಳಿರಲಿಲ್ಲ. ಹಿತ್ತಲಿನ ಬದನೆ, ಏಳೆಂಟು ಕೋಳಿ, ಇಷ್ಟೇ ಅವಳ ಬದುಕು. ಬಾಯಿ ಮಾತ್ರ ಊರಿಗೆಲ್ಲ ಕೇಳುವಷ್ಟು. ಬೆಳಗಾಗುತ್ತಲೇ, ಇಬ್ಬನಿ ಆರುವ ಮೊದಲು, ಎಲೆಗಳಿಗೆ ಒಲೆಬೂದಿ ಎರಚುತ್ತ "ನಿಮ್ಮ ವಂಶ ಹಾಳಾಗ!" ಎಂದು ಹುಳಗಳಿಗೆ ಶಾಪ ಹಾಕುತ್ತಿದ್ದಳು. ಆಮೇಲೆ ಕೋಳಿಗಳನ್ನು ಬಿಡುತ್ತಿದ್ದಳು. ಕೆಳಗೆ ಬಿದ್ದ ಹುಳಗಳನ್ನು ಅವು ಹೆಕ್ಕಿ ತಿನ್ನುತ್ತಿದ್ದವು.

ಒಂದು ವರ್ಷ ಎಲೆ ತಿನ್ನುವ ಹುಳ ವಿಪರೀತ ಮುತ್ತಿದವು. ಬೂದಿಗೂ ಬಗ್ಗಲಿಲ್ಲ, ಕೋಳಿಗಳಿಂದಲೂ ಮುಗಿಯಲಿಲ್ಲ. ಎಲೆಯೆಲ್ಲ ಜರಡಿಯಾಯಿತು. ಅತ್ತೆ ಪೇಟೆಯ ಅಂಗಡಿಯವನ ಹತ್ತಿರ ಹೋದಳು. ಅವನು ದೊಡ್ಡ ಡಬ್ಬಿಯಿಂದ ಪುಡಿ ತೆಗೆದು, ಹಳೇ ಪೇಪರಿನಲ್ಲಿ ಪೊಟ್ಟಣ ಕಟ್ಟಿ ಕೊಟ್ಟ.

"ಗಿಡಕ್ಕೆ ಉದುರ್ಸು. ಒಂದ್ ಹುಳ ಉಳಿದ್ರೂ ನನ್ನ ಕೇಳು" ಎಂದ. ಅಷ್ಟೇ. ಸಂತೆಯ ದಿನ ಅವಳಿಂದ ಮೊಟ್ಟೆ ಕೊಳ್ಳುತ್ತಿದ್ದವನು ಇವನೇ. ಅವಳ ಮನೆಯಲ್ಲಿ ಕೋಳಿ ಇರುವುದು ಇವನಿಗೆ ಗೊತ್ತಿರಲಿಲ್ಲವೇ? ಕೋಳಿ ಕೂಡಿಹಾಕು ಎಂದು ಒಂದು ಮಾತು ಹೇಳಿದ್ದರೆ ಇವನ ಗಂಟೇನು ಹೋಗುತ್ತಿತ್ತು?

ಸಂಜೆ ಪುಡಿ ಉದುರಿಸಿದಳು. ಬೆಳಿಗ್ಗೆ ಗಿಡಗಳ ಬುಡದಲ್ಲಿ ಹುಳ ರಾಶಿ ಬಿದ್ದಿದ್ದವು. ಅತ್ತೆ ಖುಷಿಯಲ್ಲಿ ಎಂದಿನಂತೆ ಕೋಳಿಗಳನ್ನು ಬಿಟ್ಟಳು. ಬಿಸಿಲೇರುವಷ್ಟರಲ್ಲಿ ಒಂದೊಂದೇ ಕತ್ತು ತಿರುಚಿಕೊಂಡು ಬಿದ್ದವು. ಒಂದೂ ಉಳಿಯಲಿಲ್ಲ.

ಸತ್ತ ಕೋಳಿಯೊಂದನ್ನು ಹಿಡಿದು ಅತ್ತೆ ಪೇಟೆಗೆ ನಡೆದಳು. ಇವತ್ತು ಅವನ ಗ್ರಹಚಾರ ಬಿಡಿಸುತ್ತಾಳೆ ಎಂದುಕೊಂಡು ಅಮ್ಮ ಮತ್ತು ನಾನು ಹಿಂದೆಯೇ ಹೋದೆವು. ಅವನು ಕೂತಲ್ಲಿಂದ ಏಳಲೂ ಇಲ್ಲ. ಡಬ್ಬಿಯನ್ನು ತಿರುಗಿಸಿ, ಅದರ ಮೇಲಿನ ಇಂಗ್ಲಿಷ್ ಅಕ್ಷರಗಳಿಗೆ ಬೆರಳಿಟ್ಟ.

"ದನ ಕೋಳಿ ಬಿಡಬಾರ್ದು ಅಂತ ಇಲ್ಲೇ ಬರ್ದಿದಾರೆ. ನೋಡ್ಕಂಡು ಹಾಕದಲ್ವಾ?"

ಬರೆದದ್ದು ಅವನ ಡಬ್ಬಿಯ ಮೇಲೆ! ಅವಳಿಗೆ ಕೊಟ್ಟದ್ದು ಹಳೇ ಪೇಪರಿನ ಪೊಟ್ಟಣ!

ಊರನ್ನೇ ನಡುಗಿಸುತ್ತಿದ್ದ ಅತ್ತೆ ತಲೆ ತಗ್ಗಿಸಿದಳು. "ಹೌದಾ ಅಣ್ಣ... ನಂಗೆ ಓದಕ್ಕೆ ಬರಲ್ಲ. ನಂದೇ ತಪ್ಪಾಯ್ತು" ಎಂದಳು. ಕೋಳಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದು, ಕಾಯಿ ಸಮೇತ ಬದನೆಗಿಡಗಳನ್ನೆಲ್ಲ ಕಿತ್ತು ಹೂತಳು. ಮತ್ತೆ ಕೋಳಿ ಸಾಕಲಿಲ್ಲ. ಬೇಲಿಯಾಚೆಯಿಂದ ಅವಳ ದೊಡ್ಡ ದನಿಯೂ ಆಮೇಲೆ ಕೇಳಿಸಲಿಲ್ಲ...

ಅತ್ತೆ ಹೋಗಿ ಎಷ್ಟೋ ಕಾಲವಾಯಿತು. ಅಂಗಡಿಯವನೂ ಸತ್ತ. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಎನ್ನುತ್ತಾರೆ. ಯಾಕೆ ಆಡಬಾರದು? ಕೋಳಿಗಳು ಸತ್ತದ್ದಿರಲಿ, ತಪ್ಪು ತನ್ನದೇ ಎಂದು ಅವಳು ಸಾಯುವವರೆಗೂ ನಂಬಿದ್ದಳಲ್ಲ, ಅದನ್ನು ನಾನು ಹೇಗೆ ಸಹಿಸಲಿ? ಅಂದು ಅವಳು ಅವನನ್ನು ಬೈಯಲಿಲ್ಲ. ಈಗ ನಾನು ಬಾಯಿತುಂಬ ಬೈಯುತ್ತಿದ್ದೇನೆ. ಕೇಳಬೇಕಾದವಳೇ ಇಲ್ಲ.