ಕಣ್ಣು ಕೊನೆಗೆ

ಶಿವಾರಪಟ್ಟಣದಲ್ಲಿ ನಮ್ಮ ಪಕ್ಕದ ಮನೆಯ ಶಿಲ್ಪಿಯದು ಎಲ್ಲದಕ್ಕೂ ಒಂದೇ ಮಾತು: “ಕಣ್ಣು ಕೊನೇಗೆ ಕಣಪ್ಪ.” ವಿಗ್ರಹದ ಮೈಯೆಲ್ಲ ಮುಗಿದ ಮೇಲೆಯೇ ಅವರು ಕಣ್ಣು ಬಿಡಿಸುತ್ತಿದ್ದರು. ಗೇಮಿಂಗ್ ಕಂಪ್ಯೂಟರ್ ಬಗ್ಗೆ ಏನೂ ತಿಳಿಯದ ನಾನು ಮಾಲೂರಿನ ಅಂಗಡಿಗೆ ಅವರನ್ನೇ ಜೊತೆಗೆ ಕರೆದೊಯ್ದೆ.

ಬಣ್ಣದ ದೀಪ ಮಿನುಗುತ್ತಿದ್ದ ರೆಡಿ ಕಂಪ್ಯೂಟರಿಗೆ ಮರುಳಾದೆ. ಅವರು ಡಬ್ಬ ತಟ್ಟಿ ನೋಡಿದರು. “ಮೈ ಆಗೋ ಮೊದ್ಲೇ ಕಣ್ಣು ಬಿಡಿಸವ್ರೆ. ಬಿಚ್ಚಪ್ಪ, ನೋಡೋಣ.”

ಅಂಗಡಿಯವನು ಗೊಣಗುತ್ತಲೇ ಬಿಚ್ಚಿದ. ಒಳಗೆ ಅವರು ಬೆರಳಿಟ್ಟು ತೋರಿಸಿದ ಜಾಗ ಖಾಲಿ!

“ಅದು ಆಟದ ಚಿತ್ರ ಓಡಿಸೋ ಗ್ರಾಫಿಕ್ಸ್ ಕಾರ್ಡ್ ಜಾಗ, ಕಾರ್ಡ್ ಆಮೇಲೆ ಹಾಕಿಸ್ಕೋಬೋದು ಸಾರ್,” ಎಂದ.

ದೀಪವಿಲ್ಲದ, ಆದರೆ ಕಾರ್ಡ್ ಇದ್ದ ಕಪ್ಪು ಡಬ್ಬವನ್ನು ತಂದೆವು. ಮನೆಯಲ್ಲಿ ಸ್ವಿಚ್ ಒತ್ತಲು ಹೋದ ನನ್ನ ಕೈಯನ್ನು ಅವರು ಹಿಡಿದುಕೊಂಡರು.

“ತಡಿಯಪ್ಪ, ಮೊದಲ ನೋಟ ಮನುಷ್ಯರ ಮೇಲೆ ಬೀಳಬಾರ್ದು.”

ಆಗಷ್ಟೇ ಕಣ್ಣು ಬಿಡಿಸಿದ ವಿಗ್ರಹಕ್ಕೆ ಹಿಡಿಯುವಂತೆ ಅದರ ಮುಂದೆ ಕನ್ನಡಿ ಹಿಡಿದರು.

ಆಟದಲ್ಲಿ ನಾನು ದಿನವೂ ಸೋಲುತ್ತೇನೆ. ಆ ಡಬ್ಬ ಮಾತ್ರ ಇವತ್ತಿಗೂ ಕೈಕೊಟ್ಟಿಲ್ಲ.