ಪಾಲಾದ ಸಿಂಫನಿ

ಕೂಡಿದ್ದರೆ ಮಾತ್ರ ಬೆಲೆ ಬರುವ ವಸ್ತುವನ್ನು ಪಾಲು ಮಾಡಬಾರದು. ಕಡಿಯಾಳಿಯಲ್ಲಿ ಹಳೆ ಸಾಮಾನಿನ ಅಂಗಡಿ ಇಟ್ಟು ನಾನು ಕಲಿತದ್ದರಲ್ಲಿ ಇದು ಮುಖ್ಯ. ಐವತ್ತರ ದಶಕದ ಕೊನೆಯಲ್ಲಿ ಕಾರ್ಕಳದ ಇಬ್ಬರು ಕ್ರಿಶ್ಚಿಯನ್ ಸಹೋದರರಿಗೂ ಇದನ್ನೇ ಹೇಳಿದ್ದೆ.

ಅವರ ತಂದೆ ಮುಂಬಯಿಯ ಹೋಟೆಲ್ ಬ್ಯಾಂಡಿನಲ್ಲಿ ಪಿಟೀಲು ನುಡಿಸುತ್ತಿದ್ದವರು. ಅವರು ಬಿಟ್ಟುಹೋದದ್ದರಲ್ಲಿ ಒಂದು ಸಿಂಫನಿಯ, ಎಂದರೆ ಪಾಶ್ಚಾತ್ಯ ವಾದ್ಯವೃಂದದ ಒಂದೇ ಉದ್ದ ಕೃತಿಯ, ಆರು ಗ್ರಾಮಫೋನ್ ಪ್ಲೇಟುಗಳಿದ್ದವು. ಬೆಲೆ ಕಟ್ಟಲು ಅವು ನನ್ನ ಅಂಗಡಿಗೆ ಬಂದಾಗ ಮಣಿಪಾಲದ ಡಾಕ್ಟರೊಬ್ಬರು, ನನ್ನ ಗಿರಾಕಿ, ಕೇಳಿ, "ಈ ಸಿಂಫನಿಯನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಒಂದು ವಾದ್ಯವೃಂದ ಇಷ್ಟು ಚೆನ್ನಾಗಿ ನುಡಿಸಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ" ಎಂದಿದ್ದರು. ಕೊನೆಯಲ್ಲಿ ಎರಡು ಜೊತೆ ನಗಾರಿಗಳು ಒಂದನ್ನೊಂದು ಕೊಲ್ಲಲು ಹೊರಟ ಹಾಗೆ ಬಡಿಯುತ್ತವೆ. ನನ್ನಂಥವನ ಬೆನ್ನೂ ನೆಟ್ಟಗಾಗಿತ್ತು.

ದೊಡ್ಡವನು ನನ್ನ ಮಾತು ಕೇಳಲಿಲ್ಲ. "ಆರು ಉಂಟು. ಮೂರು ನನಗೆ, ಮೂರು ಅವನಿಗೆ. ಇದರಲ್ಲಿ ಎಂತ ಯೋಚನೆ ಮಾರಾಯ್ರೇ?"

ಆರರ ಒಂದು ಬದಿಯನ್ನು ಸಾಲಾಗಿ ನುಡಿಸಿ, ಆಮೇಲೆ ಎಲ್ಲವನ್ನೂ ಒಟ್ಟಿಗೆ ಮಗುಚಿ ಹಾಕುವ ಪ್ಲೇಟುಗಳವು; ಮೊದಲನೆಯದರ ಹಿಂಬದಿಯಲ್ಲೇ ಕೊನೆಯ ಭಾಗವಿತ್ತು. ಮೊದಲ ಮೂರು ತಮ್ಮನ ಪಾಲಾದ್ದರಿಂದ ಸಿಂಫನಿಯ ತಲೆ ಮತ್ತು ಬಾಲ ಅವನಿಗೆ ಬಂತು, ಹೊಟ್ಟೆ ಅಣ್ಣನ ಪೆಟ್ಟಿಗೆ ಸೇರಿತು. ಅಪ್ಪ ಹಾಸಿಗೆ ಹಿಡಿದಾಗ ದಿನವೂ ಪ್ಲೇಟು ಬದಲಿಸಿ ಕೇಳಿಸುತ್ತಿದ್ದವನು ತಮ್ಮ. ಅಣ್ಣನ ಮನೆಯಲ್ಲಿ ಗ್ರಾಮಫೋನೇ ಇರಲಿಲ್ಲ. ಅವನಿಗೆ ಬೇಕಿದ್ದದ್ದು ತಮ್ಮನ ಗದ್ದೆಯ ಮೇಲೆ ಗಾಡಿ ಹೋಗುವ ದಾರಿ.

ಅಣ್ಣನ ಮೂರು ಪ್ಲೇಟು ಕೊಳ್ಳುವ ಚೌಕಾಶಿಗೆ ತಮ್ಮ ನನ್ನನ್ನು ಅವನ ಮನೆಗೆ ಕರೆದೊಯ್ದ. "ನೀವು ಬಾಯಿ ಬಿಡಬೇಡಿ" ಎಂದು ಮೊದಲೇ ಹೇಳಿದ್ದೆ. ಬೇಕೇ ಬೇಕೆಂಬುದು ಮುಖದಲ್ಲಿ ಕಂಡರೆ ವ್ಯಾಪಾರ ಅಲ್ಲಿಗೇ ಮುಗಿಯಿತು.

"ಪ್ಲೇಟು ಬೇಕಾ? ದಾರಿ ಬಿಡು" ಎಂದ ಅಣ್ಣ, ಜಗಲಿಯಲ್ಲಿ ಕೂತಲ್ಲಿಂದಲೇ.

"ದಾರಿ ಬಿಟ್ಟು ಬೇರೆ ಎಂತ ಬೇಕು ಹೇಳಿ, ಪೊರ್ಬುಗಳೇ" ಎಂದೆ, ನಮ್ಮ ಕಡೆ ಕ್ರಿಶ್ಚಿಯನ್ನರನ್ನು ಕರೆಯುವ ಹಾಗೆ.

"ಓಹೋ, ಅಪ್ಪನ ಸಂಗೀತಕ್ಕೆ ಇವನಲ್ಲಿ ಅಷ್ಟೇ ಬೆಲೆ, ಅಲ್ವಾ?" ಎನ್ನುತ್ತ ಅವನು ಒಂದು ಪ್ಲೇಟನ್ನು ಜಗಲಿಯ ಅಂಚಿಗೆ ಬಡಿದ. ಅದು ಹಪ್ಪಳದ ಹಾಗೆ ಚೂರಾಯಿತು.

ತಮ್ಮ ಮೇಲೆ ಬಿದ್ದ. ಮೊದಲ ಗುದ್ದಿಗೆ ಅಣ್ಣನ ಎದುರು ಹಲ್ಲು ಹೋಯಿತು. ಅಣ್ಣ ಅಂಗಳದಲ್ಲಿದ್ದ ಕೊತ್ತಳಿಗೆ, ತೆಂಗಿನ ಗರಿಯ ಆ ದಪ್ಪ ಬುಡ, ಎತ್ತಿ ಬೀಸಿದ. ತಮ್ಮನ ಮುಂಗೈ ಮುರಿದ ಸದ್ದು ನನಗೆ ಕೇಳಿಸಿತು. ಆದರೂ ಅವನು ಇನ್ನೊಂದು ಕೈಯಲ್ಲಿ ಅಣ್ಣನ ಕುತ್ತಿಗೆ ಹಿಡಿದು ತಲೆಯನ್ನು ಕಂಬಕ್ಕೆ ಜಜ್ಜಿದ. ನಡುವೆ ನುಗ್ಗಿದ ನನ್ನ ಹೆಗಲಿಗೂ ಒಂದು ಬಿತ್ತು. ಜಗಳ ಬಿಡಿಸುವವರು ಕೋಲು ಹಿಡಿದವನ ಬೆನ್ನ ಹಿಂದಿನಿಂದ ಹೋಗಬೇಕು.

ಅಣ್ಣ ರಕ್ತ ಉಗುಳುತ್ತ ಕುಸಿದಾಗ ಉಳಿದೆರಡು ಪ್ಲೇಟುಗಳನ್ನು ಎತ್ತಿಕೊಂಡೆ. "ಇವು ಇಲ್ಲಿದ್ದರೆ ನಿಮ್ಮ ತಮ್ಮ ನಿಮ್ಮನ್ನು ಕೊಲ್ಲುತ್ತಾರೆ" ಎಂದೆ. ಅವನು ತಡೆಯಲಿಲ್ಲ. ಅವನಿಗೆ ದಾರಿಯೂ ಸಿಗಲಿಲ್ಲ. ಕೈಯಲ್ಲಿರುವ ಮಾಲನ್ನು ಒಡೆದು ಬೆಲೆ ಏರಿಸಿದವರನ್ನು ನಾನು ಕಂಡಿಲ್ಲ.

ಮೂಳೆ ಕೂಡಿದ ಮೇಲೆ ತಮ್ಮ ಗ್ರಾಮಫೋನನ್ನು ಅಣ್ಣನ ಮನೆಯತ್ತ ಇರುವ ಕಿಟಕಿಯಲ್ಲಿಟ್ಟು ಸಂಜೆ ಸಂಜೆ ಸಿಂಫನಿ ನುಡಿಸತೊಡಗಿದ. ಒಡೆದ ಪ್ಲೇಟಿನ ಸರದಿ ಬಂದಾಗ ಕೂಡಲೇ ಮುಂದಿನದನ್ನು ಹಾಕುತ್ತಿರಲಿಲ್ಲ. ಆ ಭಾಗ ಮುಗಿಯುವಷ್ಟು ಹೊತ್ತು ಅಣ್ಣನ ಜಗಲಿಯನ್ನೇ ನೋಡುತ್ತ ನಿಲ್ಲುತ್ತಿದ್ದ. ಒಮ್ಮೆ ನಾನೂ ಪಕ್ಕದಲ್ಲಿದ್ದೆ. ಅಲ್ಲಿಯವರೆಗೆ ಬೀಡಿ ಸೇದುತ್ತ ಕೂತಿದ್ದ ಅಣ್ಣ, ಸದ್ದು ನಿಂತೊಡನೆ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡ.