ಹದಿನೇಳು ವೈರುಗಳ ಪುಸ್ತಕ

ಸಕಲೇಶಪುರದ ಒಂದು ಕಾಲೇಜಿನಲ್ಲಿ ನಾನು ಗ್ರಂಥಪಾಲಕಿಯಾಗಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಕಾಫಿ ಕೊಯ್ಲಿನ ಕೊನೆಯ ವಾರದ ಶುಕ್ರವಾರ, ನಾಲ್ಕು ತಿಂಗಳಿಂದ ಹುಡುಕುತ್ತಿದ್ದ ಪುಸ್ತಕ ಗ್ರಂಥಾಲಯಕ್ಕೆ ಅಂಚೆಯಲ್ಲಿ ಬಂತು. ಅದನ್ನು ಕೇಳಿದ್ದವರು ನನ್ನ ಯಜಮಾನರು, ರುದ್ರೇಶ್.

ಅವರು ಎಸ್ಟೇಟ್‌ಗಳಲ್ಲಿ ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರದ ಮೋಟಾರ್ ರಿಪೇರಿ ಮಾಡುತ್ತಿದ್ದರು. ಕಿಟ್ ತರಿಸಿ ಮನೆಯಲ್ಲೊಂದು ಅನಲಾಗ್ ಮಾಡ್ಯುಲರ್ ಸಿಂಥಸೈಜರ್ ಎಂಬ ವಿದ್ಯುತ್ ವಾದ್ಯ ಕಟ್ಟಿಕೊಂಡಿದ್ದರು. ಸದ್ದು ಹುಟ್ಟಿಸುವ, ಸೋಸುವ, ಏರಿಳಿಸುವ ಪೆಟ್ಟಿಗೆಗಳು ಅದರಲ್ಲಿ ಬೇರೆ ಬೇರೆ. ವೈರು ಚುಚ್ಚಿ ಜೋಡಿಸಿದರೇನೇ ಸದ್ದು. ಆ ಜೋಡಣೆಯೇ ಪ್ಯಾಚ್. ಯಂತ್ರಕ್ಕೆ ನೆನಪಿಲ್ಲ, ವೈರು ಕಿತ್ತರೆ ಪ್ಯಾಚ್ ಹೋಯಿತು.

ಪ್ಯಾಚ್ ಮಾಡಲು ಕಲಿಸುವ ಪುಸ್ತಕ ಸಿಗುವುದು ಸುಲಭವಿರಲಿಲ್ಲ. ಮೊದಲು ತರಿಸಿದ್ದರಲ್ಲಿ ಬರೀ ಬೆಸುಗೆ ಹಾಕುವ ಪಾಠ. ಎರಡನೆಯದರ ತುಂಬ ಹಳೆಯ ಯಂತ್ರಗಳ ಬಣ್ಣದ ಚಿತ್ರ.

“ಇದು ಮದುವೆ ಆಲ್ಬಮ್ ಕಣೇ ಮಾರಾಯ್ತಿ,” ಎಂದು ನಕ್ಕಿದ್ದರು. “ನಂಗೆ ಬೇಕಿರೋದು ಅಡುಗೆ ಪುಸ್ತಕ.”

ಮೂರನೆಯದು ಅಂಥದೇ. ಎರಡು ವೈರಿನಿಂದ ಆರಂಭ. ಪ್ರತಿ ಪಾಠದಲ್ಲೂ ಒಂದೇ ವೈರು ಬದಲು. ಏನು ಕೇಳಿಸಬೇಕು, ಕೇಳಿಸದಿದ್ದರೆ ಎಲ್ಲಿ ನೋಡಬೇಕು ಎಂಬ ವಿವರ. ಕೊನೆಯಲ್ಲಿ ಪ್ಯಾಚ್ ಬರೆದಿಡಲು ಖಾಲಿ ಹಾಳೆಗಳು.

ಅಂದು ಸಂಜೆ ಅವರು ಗ್ರಂಥಾಲಯಕ್ಕೇ ಬಂದರು. ಪುಸ್ತಕ ನನ್ನ ಮೇಜಿನ ಮೇಲಿತ್ತು. ಸಂಖ್ಯೆ ಬರೆದು ಸೀಲು ಒತ್ತದೆ ಹೊಸ ಪುಸ್ತಕ ಹೊರಗೆ ಹೋಗುವಂತಿಲ್ಲ.

“ಎರಡು ದಿನಕ್ಕೆ ಕೊಡೇ. ಯಾರ್ ನೋಡ್ತಾರೆ?”

“ಗಂಡ ಅಂತ ರೂಲ್ಸ್ ಬದಲಾಗಲ್ಲ ಕಣ್ರೀ. ಸೋಮವಾರ.”

“ಆಯ್ತು ಮೇಡಂನೋರೆ,” ಎಂದು ಕೈಮುಗಿದು ಹೋದರು.

ನಾನು ಮನೆಗೆ ಹೋಗಿ ಅಡುಗೆಗೆ ನಿಂತಿದ್ದಾಗ, ಅಡುಗೆಮನೆಗೆ ಕೇಳುವಂತೆ ಕೂಗಿದರು: “ಬಾರೇ, ಸ್ವಿಚ್ ಆಫ್ ಮಾಡಿದ ಪಲ್ಪರ್ ಕೇಳು!” ಗರಗರ ಸದ್ದು ಇಳಿಯುತ್ತ, ಕೊನೆಗೆ ಎರಡು ಸಲ ಮುಗ್ಗರಿಸಿ ನಿಂತಿತು. ಥೇಟ್ ಪಲ್ಪರೇ. ನಾನು ಬಾಗಿಲಲ್ಲೇ ನಿಂತು, ಸೌಟು ಹಿಡಿದುಕೊಂಡು ಕೇಳಿದೆ.

“ಹೆಂಗ್ ಬಂತೋ ನಂಗೇ ಗೊತ್ತಿಲ್ಲ. ಹಂಗೇ ಬುಟ್ಟಿರ್ತೀನಿ. ಸೋಮವಾರ ಪುಸ್ತಕ ನೋಡ್ಕಂಡು ಬರೆದಿಡಾನ.”

ಫೋನಿನಲ್ಲಿ ಒಂದು ಫೋಟೊ ತೆಗೆಯಬೇಕೆಂದು ಇಬ್ಬರಿಗೂ ಹೊಳೆಯಲಿಲ್ಲ.

ಮರುದಿನ ಬೆಳಿಗ್ಗೆ ಹೆಗ್ಗದ್ದೆಯ ಎಸ್ಟೇಟ್‌ಗೆ ಹೊರಟವರು ಜಗಲಿಯ ಮೇಲೆ ಬೂಟು ಹಾಕಿಕೊಳ್ಳುತ್ತಲೇ ಕುಸಿದರು. ಡಾಕ್ಟರು ಹೃದಯ ನಿಂತಿದೆ ಎಂದರು.

ಹನ್ನೊಂದನೆಯ ದಿನದ ಕಾರ್ಯಕ್ಕೆ ಮುನ್ನ ಮನೆ ತೊಳೆದರು. ಮಗ್ಗೆಯಿಂದ ಬಂದಿದ್ದ ನಾದಿನಿ ಗೌರಮ್ಮ ಅಣ್ಣನ ಯಂತ್ರವನ್ನು ಒದ್ದೆ ಬಟ್ಟೆಯಲ್ಲಿ ಒರೆಸಿದ್ದಳು. “ವೈರೆಲ್ಲ ಸಿಕ್ಕಾಗ್ಬುಟ್ಟಿತ್ತು ಅತ್ತಿಗೆ. ಬಿಡಿಸಿ ಸುತ್ತಿಟ್ಟಿವ್ನಿ,” ಎಂದಳು. ಹದಿನೇಳು ಸುರುಳಿ, ಒಂದೊಂದಕ್ಕೂ ದಾರ ಕಟ್ಟಿತ್ತು. ಅವಳ ಕಣ್ಣು ಅತ್ತು ಊದಿತ್ತು. “ಒಳ್ಳೇದಾಯ್ತು ಗೌರಿ,” ಎಂದೆ. ಅವಳು ಬಿಡಿಸಿದ್ದು ಏನೆಂದು ಇವತ್ತಿಗೂ ಅವಳಿಗೆ ಹೇಳಿಲ್ಲ.

ಕೆಲಸಕ್ಕೆ ಮರಳಿದ ದಿನ ಆ ಪುಸ್ತಕಕ್ಕೆ ಸೀಲು ಒತ್ತಿ ನನ್ನ ಹೆಸರಿಗೇ ಬರೆದುಕೊಂಡೆ. ಅಲ್ಲಿಂದಾಚೆ ಓದುಗರು ಕಾಯುತ್ತಿದ್ದರೆ ಚೀಟಿ ಬರೆಸಿಕೊಂಡು ಪುಸ್ತಕ ಅಂದೇ ಕೊಟ್ಟೆ. ಸೀಲು ಆಮೇಲೆ ಬೀಳುತ್ತಿತ್ತು. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು, ಅದೂ ತಡವಾಗಿ.

ಪುಸ್ತಕ ನಿಜಕ್ಕೂ ಒಳ್ಳೆಯದು. ಅದನ್ನು ನೋಡಿಕೊಂಡು ನಾನೀಗ ಗಾಳಿ, ಗಂಟೆ, ಜೀರುಂಡೆ ಮಾಡಬಲ್ಲೆ. ಗರಗರ ಸದ್ದು ಬರುತ್ತದೆ, ಇಳಿಯುತ್ತದೆ. ಕೊನೆಯ ಆ ಎರಡು ಮುಗ್ಗರಿಕೆ ಬರುವುದಿಲ್ಲ. ಹದಿನೇಳು ವೈರೂ ಇವೆ. ಯಾವುದು ಎಲ್ಲಿತ್ತು ಎಂಬುದು ಇಲ್ಲ.